ಒಂಬತ್ತನೇ ಮಂಚದ ಬೆಡ್‌ಶೀಟು

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ದೊಡ್ಡ ಡಾಕ್ಟರಿಗೂ ಅಕ್ಕ, ಕಸ ಗುಡಿಸುವವಳಿಗೂ ಅಕ್ಕ. ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನಿಂತು ನಿಂತು ಕಾಲಿನ ನರಗಳು ಗಂಟು ಕಟ್ಟಿದ್ದವು. ಮೇಲಿನ ವಾರ್ಡಿನಲ್ಲಿ ಮೂವತ್ತು ಮಂಚ. ಒಬ್ಬರದು ಇನ್ನೊಬ್ಬರಿಗೆ ಹೋಗಬಾರದೆಂದು ಪ್ರತಿ ಬೆಡ್‌ಶೀಟಿನ ಮೂಲೆಯಲ್ಲೂ ಮಂಚದ ನಂಬರನ್ನು ಕೆಂಪು ದಾರದಲ್ಲಿ ಹೊಲಿದಿದ್ದರು.

ಮೊಣಕಾಲೂರಿದರೆ ನಿದ್ದೆ ಬರುತ್ತದೆ, ಪ್ರಾರ್ಥನೆಗೆ ನಿಂತ ಕಾಲೇ ವಾಸಿ ಎನ್ನುವುದು ಅಕ್ಕನ ವಾದ. ಇಸ್ತ್ರಿ ಪೆಟ್ಟಿಗೆ ಎತ್ತುವ ಮೊದಲು ಶೀಟಿನ ಮೂಲೆ ನೋಡಿ, "ಸ್ವಾಮಿ, ಇದು ಹದಿನಾಲ್ಕು. ಯಾರೋ ಏನೋ, ನೀನು ಸ್ವಲ್ಪ ಪಕ್ಕದಲ್ಲಿ ಕೂತ್ಕೋ" ಎನ್ನುತ್ತಿದ್ದಳು. ಆಮೇಲೆ ಹದಿನೈದು, ಹದಿನಾರು. ನಡುನಡುವೆ ಹಾಲು ಒಡೆದದ್ದು, ಸೊಸೆ ಮುನಿಸಿಕೊಂಡದ್ದು, ಎಲ್ಲವೂ ಯೇಸುಸ್ವಾಮಿಯ ಕಿವಿಗೆ ಬೀಳುತ್ತಿತ್ತು. ಚರ್ಚಿನಲ್ಲಿ ಭಾನುವಾರ ತೂಕಡಿಸಿದರೂ ಆಕೆ ಅವನನ್ನು ಬಿಟ್ಟು ಒಂದು ಗಳಿಗೆ ಇದ್ದವಳಲ್ಲ.

ಬೀಗ ರಿಪೇರಿ ಮಾಡುವ ಗಂಡ ರೇಗಿಸುತ್ತಿದ್ದ. "ನಾನು ಮಾತಾಡಿದ್ರೆ ಹೂಂ ಅನ್ನೋಕೂ ಪುರುಸೊತ್ತಿಲ್ಲ ಕಣೆ ನಿಂಗೆ. ಅವನ ಹತ್ರ ಮಾತ್ರ ದಿನವಿಡೀ ಹರಟೆ."

"ಅವನು ನಿಮ್ಮ ಹಾಗೆ ಗೊರಕೆ ಹೊಡೆಯಲ್ಲ."

ಅಂಥ ಮನುಷ್ಯ ಒಂದು ದಿನ ಉಸಿರು ಕಟ್ಟಿ ಅದೇ ವಾರ್ಡಿಗೆ ಬಂದ. ಇಪ್ಪತ್ತೆರಡನೇ ಮಂಚ. ಅಕ್ಕ ಸಂಜೆ ಅವನ ಬಳಿ ಕೂರುತ್ತಿದ್ದಳು, ಬೆಳಿಗ್ಗೆ ಏಳಕ್ಕೆ ಕೆಳಗಿಳಿಯುತ್ತಿದ್ದಳು. ರಜೆ ಹಾಕು ಎಂದರೆ, ಅವನ ಶೀಟು ನನ್ನ ಕೈಯಿಂದಲೇ ಹೋಗಬೇಕು ಎನ್ನುತ್ತಿದ್ದಳು.

ನಾಲ್ಕನೇ ದಿನ ಇಪ್ಪತ್ತೆರಡನ್ನೇ ಮೊದಲು ಎಳೆದುಕೊಂಡಳು. ತಿಕ್ಕಿದ ಕಡೆಯೇ ತಿಕ್ಕುತ್ತ, ಅಳುತ್ತ, ಅರ್ಧ ಗಂಟೆ ಬೇಡಿದಳು. ಮಿಕ್ಕ ಇಪ್ಪತ್ತೊಂಬತ್ತು ಶೀಟುಗಳ ಮೂಲೆಯನ್ನು ನೋಡಲೇ ಇಲ್ಲ. ಕೈ ತಿಕ್ಕುತ್ತಲೇ ಇತ್ತು, ಬಾಯಲ್ಲಿ ಮಾತ್ರ ಬರೀ ಇಪ್ಪತ್ತೆರಡು. ಒಂದು ದಿನದ ಮಟ್ಟಿಗೆ ಸ್ವಾಮಿ ಕ್ಷಮಿಸುತ್ತಾನೆ ಅಂದುಕೊಂಡಳು.

ಹನ್ನೊಂದು ಗಂಟೆಗೆ ಮೇಲಿನಿಂದ ಕರೆ ಬಂತು. ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದರೆ ಇಪ್ಪತ್ತೆರಡರಲ್ಲಿ ಯಾರೋ ಮುದುಕ ಬ್ರೆಡ್ಡು ತಿನ್ನುತ್ತ ಕೂತಿದ್ದ. ಅಕ್ಕ ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟಳು. ಸಿಸ್ಟರ್ ಬಂದು ತೋಳು ಹಿಡಿದು, "ಇಲ್ಲಲ್ಲ ಅಕ್ಕಾ. ಏಳೂವರೆಗೇ ಉಸಿರು ಜಾಸ್ತಿ ಆಯ್ತು ಅಂತ ನಮ್ಮ ಮೇಜಿನ ಹತ್ರ ಒಂಬತ್ತನೇ ಮಂಚಕ್ಕೆ ತಂದಿದ್ವಿ. ಗಡಿಬಿಡೀಲಿ ನಿಮಗೆ ಹೇಳಿಕಳಿಸೋಕಾಗ್ಲಿಲ್ಲ" ಎಂದರು. ಒಂಬತ್ತರ ಸುತ್ತ ಪರದೆ ಎಳೆದಿತ್ತು. ಒಳಗೆ ಎಲ್ಲ ಮುಗಿದಿತ್ತು.

ಸಾವು ಎಲ್ಲರ ಮನೆಗೂ ಬರುತ್ತದೆ. ಅಕ್ಕನ ಕರುಳು ಹಿಂಡಿದ್ದು ಬೇರೆ. ಎಂದಿನಂತೆ ಮೂವತ್ತಕ್ಕೂ ಬೇಡಿದ್ದರೆ ಒಂಬತ್ತಕ್ಕೂ ಒಂದು ಮಾತು ಸಿಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಆ ಒಂದೇ ದಿನ ಆಕೆ ಸ್ವಾರ್ಥ ಮಾಡಿದ್ದು, ಆ ಒಂದೇ ದಿನ ಗಂಡನನ್ನು ಬಿಟ್ಟುಬಿಟ್ಟಿದ್ದಳು.

ಪಾಸ್ಟರ್ ಮನೆಗೆ ಬಂದು ಸಮಾಧಾನ ಹೇಳಿದರು. "ಸ್ವಾಮಿಗೆ ನಂಬರು ಬೇಕಾಗಿಲ್ಲಮ್ಮ. ಯಾರು ಎಲ್ಲಿದ್ದಾರೆ ಅಂತ ಅವನಿಗೆ ಗೊತ್ತು."

"ಅವನಿಗೆ ಬೇಕಾಗಿಲ್ಲ ಪಾಸ್ಟರೇ. ನನಗೆ ಬೇಕಿತ್ತು."

ಅಂದಿನಿಂದ ಅಕ್ಕನ ಪ್ರಾರ್ಥನೆ ನಿಂತಿತು. ಚರ್ಚಿಗೆ ಹೋದಳು, ಎಲ್ಲರ ಜೊತೆ ಹಾಡಿದಳು, ಒಳಗೆ ಮಾತ್ರ ಒಂದಕ್ಷರ ಹುಟ್ಟಲಿಲ್ಲ. ಗಂಡ ಹೋದದ್ದು ಒಂದು ಒಂಟಿತನ, ಇದು ಅದಕ್ಕಿಂತ ದೊಡ್ಡದು. ಅದೇ ಕೋಣೆಯಲ್ಲಿ ಜೊತೆಗಿದ್ದ ಬಟ್ಟೆ ಮಡಚುವಾಕೆ ಪಾಪ ಏನೂ ಕೇಳದೆ ದಿನಾ ಒಂಬತ್ತನ್ನು ತಾನೇ ತೆಗೆದುಕೊಂಡು ತಿಕ್ಕುತ್ತಿದ್ದಳು. ಹೀಗೆ ಹನ್ನೊಂದು ತಿಂಗಳು ಕಳೆಯಿತು.

ಬಟ್ಟೆ ಮಡಚುವಾಕೆ ಮಗಳ ಬಾಣಂತನಕ್ಕೆ ರಜೆ ಹಾಕಿದ ದಿನ ಒಂಬತ್ತು ಅಕ್ಕನ ಮೇಜಿಗೇ ಬಂತು. ಮೇಲಿಂದ ಎರಡು ಸಲ ಹೇಳಿಕಳಿಸಿದರು: ಹೊಸ ಪೇಷಂಟು ಬಂದಿದೆ, ಒಂಬತ್ತರ ಶೀಟು ಬೇಗ ಬೇಕು. ಅಕ್ಕ ಕೆಂಪು ದಾರದ ಮೇಲೆ ಕೈಯಿಟ್ಟು ನಿಂತಳು.

"ಸ್ವಾಮಿ" ಎಂದಳು. "ಅವತ್ತು ನಾನು ಇಪ್ಪತ್ತೆರಡು ಅಂದೆ. ತಪ್ಪು ಹೇಳ್ದೆ. ನೀನೂ ಅಲ್ಲಿಗೇ ಹೋದ್ಯಾ? ನಮ್ಮನೆಯವರ ಹತ್ರ ಯಾರೂ ಇರಲಿಲ್ವಾ?"

ಪಕ್ಕದ ಕೋಣೆಯಲ್ಲಿ ಒಗೆಯುವ ಯಂತ್ರ ತಿರುಗುತ್ತಿತ್ತು. ಅಕ್ಕ ಬಹಳ ಹೊತ್ತು ಕಾದಳು. ಕಣ್ಣೀರು ಬಿದ್ದಲ್ಲಿ ಇನ್ನೊಮ್ಮೆ ತಿಕ್ಕಿ, ಶೀಟನ್ನು ನಾಲ್ಕಾಗಿ ಮಡಚಿ ಎದೆಗವಚಿಕೊಂಡಳು.

"ಹೇಳ್ಬೇಡ ಬಿಡು. ಇವತ್ತು ಇದರ ಮೇಲೆ ಮಲಗೋರ ಹತ್ರ ಆದ್ರೂ ಇರು. ನಾನು ಕೆಳಗಿದ್ದೀನಿ, ನಂಗೆ ಬರೋಕಾಗಲ್ಲ."