ಸೇಫ್ ಊರಿನಲ್ಲಿ ಬಾಡಿಗೆ ಮನೆ

ಮುಂಬೈಯಲ್ಲಿ ನಾವಿದ್ದ ಕಟ್ಟಡದ ಬಾಗಿಲಿಗೆ ‘ಈ ಕಟ್ಟಡ ಅಪಾಯಕಾರಿಯಾಗಿದೆ’ ಎಂದು ಪಾಲಿಕೆಯವರು ಬೋರ್ಡು ಹೊಡೆದು ಎರಡು ವರ್ಷವಾದರೂ ನಾವು ಯಾರೂ ಕದಲಿರಲಿಲ್ಲ. ಆ ಬೋರ್ಡಿನ ಮೊಳೆಗೆ ಮೂರನೇ ಮಹಡಿಯವರು ಹಾಲಿನ ಚೀಲ ತೂಗುಹಾಕುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ನಮ್ಮ ಬಾಲ್ಕನಿಯ ಮೇಲಿನ ಸಿಮೆಂಟು ಕಳಚಿ ಮಗಳ ಮೂರುಗಾಲಿ ಸೈಕಲ್ಲಿನ ಮೇಲೆ ಬಿತ್ತು. ಮಗಳು ಹಲ್ಲುಜ್ಜುವುದಿಲ್ಲ ಎಂದು ಹಟ ಹಿಡಿದು ಬಚ್ಚಲಲ್ಲಿದ್ದಳು. ಅವಳ ಹಟದಿಂದ ನಮಗೆ ಉಪಕಾರವಾದದ್ದು ಆ ಒಂದೇ ಸಲ.

ಅಂದಿನಿಂದ ಗಂಡನಿಗೆ ‘ಸೇಫ್’ ಎಂಬ ಶಬ್ದ ಹತ್ತಿಕೊಂಡಿತು. ಸೇಫ್ ಆಗಿರಬೇಕು, ನಮ್ಮ ಸಂಬಳಕ್ಕೂ ಎಟುಕಬೇಕು, ಅಂಥ ಊರಿಗೆ ಹೋಗೋಣ ಎಂದ. ತಿಂಗಳುಗಟ್ಟಲೆ ಮೊಬೈಲಿನಲ್ಲಿ ವಿಡಿಯೋ ನೋಡಿದ. ನಾನು ಹೆಸರೇ ಕೇಳದ ಊರುಗಳ ಗಾಳಿ, ನೀರು, ಶಾಲೆಗಳ ಬಗ್ಗೆ ಊಟದ ಹೊತ್ತಿಗೆ ಪ್ರವಚನ ಕೊಟ್ಟ. ಕೊನೆಗೆ ಒಂದು ಭಾನುವಾರ, ತಾನೇ ಕಂಡುಹಿಡಿದವನಂತೆ, ‘ಕಾರವಾರ’ ಎಂದು ಘೋಷಿಸಿದ. ಅವನು ಹುಟ್ಟಿದ್ದು ಕಾರವಾರದಿಂದ ಅರ್ಧ ಗಂಟೆ ದೂರದ ಚೆಂಡಿಯಾದಲ್ಲಿ. ನಾನು ಅಂಕೋಲೆಯವಳು. ಮುಂಬೈಯಲ್ಲಿ ಹನ್ನೊಂದು ವರ್ಷ ಯಾರು ಊರು ಕೇಳಿದರೂ ಇಬ್ಬರೂ ‘ಗೋವಾದ ಹತ್ತಿರ’ ಎಂದು ಹೇಳಿಕೊಂಡು ಬಂದಿದ್ದೆವು.

ಅವನು ಹಡಗಿನ ಸರಕಿನ ಕಾಗದಪತ್ರ ನೋಡುವ ಗುಮಾಸ್ತ. ಕಾರವಾರದಲ್ಲಿ ಅದೇ ಬಗೆಯ ಕೆಲಸ ಸಣ್ಣ ಸಂಬಳಕ್ಕೆ ಸಿಕ್ಕಿತು. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸೂಜಿ ಚುಚ್ಚುವವರಿಗೆ ಎಲ್ಲಿ ಹೋದರೂ ಕೆಲಸ ಇದ್ದೇ ಇದೆ. ಸಿಗದೇ ಇದ್ದದ್ದು ಮನೆ.

ಮೊದಲ ಮನೆಯ ಯಜಮಾನರು ಗೇಟು ತೆರೆಯುವ ಮೊದಲೇ ನೌಕಾನೆಲೆಗೆ ಬಂದ ನೇವಿಯವರಾ ಎಂದು ಕೇಳಿದರು. ಅಲ್ಲ ಎಂದದ್ದಕ್ಕೆ ಗೇಟು ತೆರೆಯಲೇ ಇಲ್ಲ. ಎರಡನೆಯವರು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಊರು ಕೇಳಿದರು. ನಾನು ಅಭಿಮಾನದಿಂದ ಅಂಕೋಲೆ ಎಂದೆ. ಅವರ ಮುಖ ಬಾಡಿತು.

“ಹಾಗಾದ್ರೆ ನೀವು ಇಲ್ಲಿಯವ್ರೇ ಆಯ್ತಲ್ಲ. ನೇವಿಯವ್ರಾದ್ರೆ ಎರಡು-ಮೂರು ವರ್ಷಕ್ಕೆ ಟ್ರಾನ್ಸ್‌ಫರ್ ಆಗಿ ಹೋಗ್ತಾರೆ. ಇಲ್ಲಿಯವ್ರು ಒಳಗೆ ಹೊಕ್ರೆ ಎಬ್ಬಿಸೂಕೆ ವಕೀಲರೇ ಬೇಕು.”

ಪಾಠ ಕಲಿತ ನಾವು ಮೂರನೇ ಮನೆಯಲ್ಲಿ ಮುಂಬೈಯವರು ಎಂದೆವು. ಹೊರಗಿನವರನ್ನು ನಂಬುವುದು ಹೇಗೆ ಎಂದು ಅವರು ನಮ್ಮನ್ನೇ ಕೇಳಿದರು.

ನಾಲ್ಕನೆಯದು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮನೆಯ ಮೇಲಿನ ಭಾಗ. ಅವರು ಬಾಯಿ ತೆರೆದದ್ದೇ ಮೀನು ತಿನ್ನುತ್ತೀರಾ ಎಂದು. ಮುಂಬೈಯಲ್ಲಿ ಈ ಪ್ರಶ್ನೆಗೆ ಮೂರು ಮನೆ ಕಳೆದುಕೊಂಡವರು ನಾವು. ಗಂಡ ತಡವರಿಸುತ್ತ, ಅಪರೂಪಕ್ಕೆ, ಅದೂ ಕಿಟಕಿ ಹಾಕಿಕೊಂಡು ಎಂದ. ಶಿಕ್ಷಕಿಗೆ ಸಿಟ್ಟು ಬಂತು. ಹಿಂದೆ ಇದ್ದವರು ತಮ್ಮ ಬಂಗಡೆ ವಾಸನೆಗೆ ಮೂಗು ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರಂತೆ. ಅಂಥವರು ಇನ್ನು ಬೇಡವಂತೆ. ದಿನಾ ತಿನ್ನುತ್ತೇವೆ ಎಂದು ನಾನು ನಡುವೆ ಬಾಯಿ ಹಾಕಿದ್ದರಿಂದ ಮನೆ ಸಿಕ್ಕಿತು. ಬಾಡಿಗೆ ಕೇಳಿದ ಮೇಲೆ ಗಂಡ ಸ್ವಲ್ಪ ಹೊತ್ತು ಸಮುದ್ರದ ದಿಕ್ಕಿಗೆ ನೋಡಿದ. ಹೊರಗೆ ಬಂದು, ತೀರ ಅಗ್ಗವೇನಲ್ಲ, ಆದರೆ ಸೇಫ್ ಎಂದ.

ಸೇಫ್ ಎಂಬುದರಲ್ಲಿ ಸುಳ್ಳಿರಲಿಲ್ಲ. ಕಾರವಾರದಲ್ಲಿ ಒಬ್ಬ ಮನುಷ್ಯ ಕಳೆದುಹೋಗಬೇಕೆಂದರೂ ಊರಿನವರು ಬಿಡುವುದಿಲ್ಲ. ನಾನು ಬೆಳಿಗ್ಗೆ ಪೇಟೆಯಲ್ಲಿ ನೊಗಲಿ ಮೀನು ಕೊಂಡರೆ ಮಧ್ಯಾಹ್ನ ಅಂಕೋಲೆಯಿಂದ ಅಮ್ಮ ಫೋನು ಮಾಡಿ, ಇಷ್ಟು ದುಬಾರಿ ಇರುವಾಗ ನೊಗಲಿ ಯಾಕೆ ಬೇಕಿತ್ತು ಎನ್ನುತ್ತಿದ್ದಳು. ಲ್ಯಾಬಿಗೆ ಬಂದವರು ಕೈ ಚಾಚಿ ಮುಷ್ಟಿ ಬಿಗಿಹಿಡಿದುಕೊಂಡೇ ನನ್ನ ಗಂಡನ ಸಂಬಳ ಕೇಳುತ್ತಿದ್ದರು. ಮುಂಬೈಯಲ್ಲಿ ಯಾರೂ ನಮ್ಮನ್ನು ನೋಡುವುದಿಲ್ಲ ಎಂದು ಅಳುತ್ತಿದ್ದವಳು ನಾನೇ. ಆರು ತಿಂಗಳಲ್ಲಿ, ಯಾರೂ ನೋಡದ ಒಂದು ಮೂಲೆ ಸಿಕ್ಕರೆ ಸಾಕು ಎನ್ನಿಸತೊಡಗಿತು.

ಗಂಡನಿಗೆ ಇಷ್ಟು ಕಾವಲು ಸಾಲಲಿಲ್ಲ. ಬಾಗಿಲಿಗೆ ಕ್ಯಾಮೆರಾ ಹಾಕಿಸಿದ. ಒಂದನೇ ಕ್ಲಾಸಿನ ಮಗಳ ಕೈಗೆ, ಎಲ್ಲಿದ್ದಾಳೆಂದು ಅವನ ಮೊಬೈಲಿಗೆ ತೋರಿಸುವ ವಾಚು ಕಟ್ಟಿದ. ಟೆರೇಸಿಗೆ ಹೋಗಕೂಡದು, ಅಪರಿಚಿತರ ಹತ್ತಿರ ಮಾತಾಡಕೂಡದು, ಫೋನ್ ನಂಬರು ಯಾರಿಗೂ ಹೇಳಕೂಡದು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ. ಕೆಳಗಿನ ಶಿಕ್ಷಕಿ ಮೊದಲ ವಾರ ಪ್ರೀತಿಯಿಂದ ಹೆಸರು ಕೇಳಿದಾಗ ಮಗಳು, ನಾನು ಅಪರಿಚಿತರ ಜೊತೆ ಮಾತಾಡುವುದಿಲ್ಲ ಎಂದುಬಿಟ್ಟಳು. ಅವರ ಮುನಿಸು ಇಳಿಸಲು ನಾನು ಎರಡು ಸಲ ಪತ್ರೊಡೆ ಮಾಡಿ ಕೊಡಬೇಕಾಯಿತು.

ಒಂದು ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ರಿಕ್ಷಾದವನ ಫೋನು ಬಂತು. ಎಲ್ಲ ಮಕ್ಕಳೂ ಬಂದಿದ್ದಾರೆ, ನಿಮ್ಮ ಮಗಳು ಮಾತ್ರ ಇಲ್ಲ ಎಂದ. ಕೈಯಲ್ಲಿದ್ದ ರಕ್ತದ ಟ್ಯೂಬು ಟ್ರೇಯಲ್ಲಿಟ್ಟು ಹೊರಗೆ ಬಂದೆ. ಗಂಡನಿಗೆ ಫೋನಿನಲ್ಲಿ ಹೇಳಿದೆ. ಅವನು ಮೊಬೈಲು ತೆರೆದು ನೋಡಿ, ಹೆದರಬೇಡ, ವಾಚು ಊರಿನ ಇನ್ನೊಂದು ಬದಿಯ ಬಾಡದ ಕಡೆ ತೋರಿಸುತ್ತಿದೆ ಎಂದು ಅತ್ತ ಓಡಿದ. ವಾಚು ನಿಜವನ್ನೇ ಹೇಳಿತ್ತು. ಅದು ಬಾಡದಲ್ಲಿ, ಮಗಳ ಗೆಳತಿಯ ಕೈಯಲ್ಲಿತ್ತು. ಒಂದು ಬಣ್ಣದ ರಬ್ಬರಿಗೆ ಬದಲಾಗಿ ಮಗಳು ಅದನ್ನು ಆ ದಿನಕ್ಕೆ ಕೊಟ್ಟಿದ್ದಳು. ಗಂಡ ಅವರ ಜಗಲಿಯಲ್ಲಿ ನಿಂತು ನನ್ನ ಮಗಳನ್ನು ಕೊಡಿ ಎಂದು ಕೂಗಾಡಿದನಂತೆ.

ಅಷ್ಟರಲ್ಲಿ ನಾನು ಶಾಲೆಯ ಸುತ್ತೆಲ್ಲ ಒಂದು ಗಂಟೆ ಹುಡುಕಿ ಬಸ್‌ಸ್ಟ್ಯಾಂಡಿಗೆ ಓಡಿದ್ದೆ. ಯಾಕೆ ಅಲ್ಲಿಗೆ ಎಂದು ಈಗಲೂ ಹೇಳಲಾರೆ, ಕಾಲು ಒಯ್ದಿತು. ಬಾಗಿಲಲ್ಲೇ ಅಬ್ಬಲಿ ಹೂವಿನ ದಂಡೆ ಮಾರುವವಳು, ನಾನು ಬಾಯಿ ಬಿಡುವ ಮೊದಲೇ ಹೇಳಿದಳು.

“ನಿಮ್ಮ ಹುಡುಗಿ ಅಂಕೋಲೆ ಬಸ್ಸಿಗೆ ಹೋಯ್ತಲ್ಲ. ಕಾಲೇಜು ಹುಡುಗೀರ ಸಂಗಡ ಹತ್ತಿತು. ನೀವೇ ಕಳ್ಸಿದ್ದು ಅಂತ ಮಾಡಿದ್ದೆ ನಾನು.”

ಹಾಗೆ ಹೇಳುವಾಗಲೇ ನನ್ನ ಮೊಬೈಲು ರಿಂಗಾಯಿತು. ಗಂಡನ ಅಣ್ಣ. ಮಗು ನಮ್ಮ ಮನೆಗೆ, ಅಜ್ಜಿಯ ಹತ್ತಿರ ಬಂದಿದ್ದಾಳೆ, ಅವಲಕ್ಕಿ ತಿನ್ನುತ್ತಿದ್ದಾಳೆ ಎಂದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಹೂವಿನವಳು ನೀರು ಕೊಟ್ಟಳು, ಜೊತೆಗೆ ಹೆತ್ತವರ ಜವಾಬ್ದಾರಿಯ ಬಗ್ಗೆ ಎರಡು ಮಾತೂ ಕೊಟ್ಟಳು.

ನಡೆದದ್ದು ಇಷ್ಟು. ಬಸ್ಸಿನಲ್ಲಿ ಕಂಡಕ್ಟರು ಅಪ್ಪನ ಫೋನ್ ನಂಬರು ಕೇಳಿದ್ದಾರೆ. ಮಗಳಿಗೆ ನಂಬರು ಚೆನ್ನಾಗಿ ಗೊತ್ತಿತ್ತು. ಅಪರಿಚಿತರಿಗೆ ಹೇಳಬಾರದು ಎಂಬುದೂ ಗೊತ್ತಿತ್ತು. ಅಜ್ಜಿಯ ವಿಷಯ ಹೇಳಬಾರದೆಂದು ಯಾರೂ ಕಲಿಸಿರಲಿಲ್ಲವಾದ್ದರಿಂದ, ಅಜ್ಜಿಯ ಹೆಸರು, ಕಾಲೊನಿ, ಅಂಗಳದ ನುಗ್ಗೆಮರ ಎಲ್ಲವನ್ನೂ ವಿವರವಾಗಿ ಹೇಳಿದ್ದಾಳೆ. ಕಂಡಕ್ಟರು ಅವಳನ್ನು ಅದೇ ಸ್ಟಾಪಿನಲ್ಲಿ ಇಳಿಯುವ ಒಬ್ಬ ಮೀನಿನವಳ ಪಕ್ಕ ಕೂರಿಸಿದ್ದಾರೆ. ಮೀನಿನವಳು ಖಾಲಿ ಬುಟ್ಟಿ ತಲೆಯ ಮೇಲೆ, ಮಗಳ ಕೈ ಕೈಯಲ್ಲಿ ಹಿಡಿದು ಅಜ್ಜಿಯ ಮನೆಯವರೆಗೆ ಬಿಟ್ಟು ಹೋಗಿದ್ದಾಳೆ.

ಅತ್ತೆಯ ಮನೆ ಅಂಕೋಲೆ ದಾರಿಯ ಪುನರ್ವಸತಿ ಕಾಲೊನಿಯಲ್ಲಿ. ಗಂಡ ಆರನೇ ಕ್ಲಾಸಿನಲ್ಲಿದ್ದಾಗ ಚೆಂಡಿಯಾದ ಅವರ ಮನೆ ನೌಕಾನೆಲೆಗೆ ಹೋಯಿತು. ಈಗ ದೊಡ್ಡ ಮಗನ ಸಂಸಾರದ ಜೊತೆ ಅವರು ಅಲ್ಲಿದ್ದಾರೆ. ನಾವು ಬೈಕಿನಲ್ಲಿ ಮುಟ್ಟಿದಾಗ ಮಗಳು ಹೆಂಚು ಹೊದೆಸಿದ ಮಾಡಿನತ್ತ ಮುಖವೆತ್ತಿ ನಿಂತಿದ್ದಳು. ಬೆಳಿಗ್ಗೆ ಶಾಲೆಯಲ್ಲಿ ಅವಳ ಮೊದಲ ಹಲ್ಲು ಬಿದ್ದಿತ್ತು. ಬಿದ್ದ ಹಲ್ಲನ್ನು ಮಾಡಿನ ಮೇಲೆ ಎಸೆಯಬೇಕು ಎಂದು ಅಜ್ಜಿ ಹಿಂದೊಮ್ಮೆ ಹೇಳಿದ್ದರು. ನಮ್ಮ ಬಾಡಿಗೆ ಮನೆಗೆ ಹೆಂಚಿನ ಮಾಡು ಇಲ್ಲ, ಇರುವುದು ಟೆರೇಸು, ಅಲ್ಲಿಗೆ ಹೋಗಕೂಡದು. ಆದ್ದರಿಂದ ಅವಳು ಹೆಂಚು ಇರುವಲ್ಲಿಗೆ ಬಂದಿದ್ದಳು. ಅವಳ ಲೆಕ್ಕದಲ್ಲಿ ಅಪ್ಪನ ಒಂದು ಮಾತನ್ನೂ ಮೀರಿರಲಿಲ್ಲ.

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ, ಆಮೇಲೆ ಬೆನ್ನಿಗೆ ಒಂದು ಕೊಟ್ಟೆ. ಗಂಡ ಮಾತ್ರ ಅಂಗಳದಲ್ಲಿ ನಿಂತು ಸೇಫ್ಟಿಯ ಮೇಲೆ ಭಾಷಣ ಶುರುಮಾಡಿದ. ಕಾಲ ಕೆಟ್ಟಿದೆ, ಹೈವೇ ಇದೆ, ಇದಕ್ಕಾಗಿಯೇ ಮುಂಬೈ ಬಿಟ್ಟು ಬಂದದ್ದು ಎಂದೆಲ್ಲ. ಅತ್ತೆ ಕೆಲಹೊತ್ತು ಸೊಪ್ಪು ಸೋಸುತ್ತಲೇ ಕೇಳಿದರು. ಆಮೇಲೆ ಮೊರ ಬದಿಗಿಟ್ಟರು.

“ಸೇಫ್ಟಿ ಅಂದ್ರೆ ಎಂತದು ಅಂತ ನಂಗೆ ಹೇಳ್ಬೇಡ ಮಗಾ. ದೇಶದ ಸೇಫ್ಟಿಗೆ ಅಂತ ನನ್ನ ಮನೆ, ಗದ್ದೆ, ಬಾವಿ ಎಲ್ಲ ಹೋಯ್ತು. ದೇಶ ಸೇಫ್ ಇರ್ಲಿ ಅಂತ ನಾನು ಇಲ್ಲಿ ಬಂದು ಕೂತೆ. ಮೊಮ್ಮಗಳು ಒಂದು ಹಲ್ಲು ಹಿಡ್ಕಂಡು ಅಜ್ಜಿ ಮನೆಗೆ ಬರೂಕೆ ಆಗೂದಿಲ್ಲ ಅಂದ್ರೆ, ಆ ಸೇಫ್ಟಿ ಯಾರಿಗೆ?”

ಗಂಡ ಹೆಲ್ಮೆಟ್ಟು ಕೆಳಗಿಟ್ಟು ಸೊಪ್ಪಿನ ಮೊರವನ್ನು ತನ್ನತ್ತ ಎಳೆದುಕೊಂಡ. ಅವನು ಹನ್ನೊಂದು ವರ್ಷ ಮುಂಬೈಯಲ್ಲಿ, ಅದಕ್ಕೂ ಮುಂಚೆ ಈ ಕಾಲೊನಿಯಲ್ಲಿ, ಆ ಬಾವಿಯ ಮಾತನ್ನು ನನ್ನ ಹತ್ತಿರವೂ ಆಡಿದವನಲ್ಲ. ಆ ಸಂಜೆ ವಾಪಸು ಬರುವಾಗ ಹೈವೇಯ ಬದಿ ಬೈಕು ನಿಲ್ಲಿಸಿ, ಉದ್ದಕ್ಕೂ ಹೋಗುವ ಕಾಂಪೌಂಡು ಗೋಡೆಯತ್ತ ಕೈ ಮಾಡಿ, ಅಲ್ಲಿ ಒಳಗೆ ಎಲ್ಲೋ ನಮ್ಮ ಬಾವಿ ಎಂದು ಮಗಳಿಗೆ ತೋರಿಸಿದ. ಅವಳು ಒಳಗೆ ಹೋಗೋಣ ಎಂದಳು. ಪಾಸು ಬೇಕು ಎಂದ.

ಮುಂದಿನ ವರ್ಷ ಶಿಕ್ಷಕಿ ನಮ್ಮನ್ನು ಮನೆ ಬಿಡಿಸಿದರು. ನೇವಿಯವರ ಕುಟುಂಬವೊಂದು ನಮಗಿಂತ ಬಹಳ ಹೆಚ್ಚು ಕೊಡಲು ಬಂದಿತ್ತು. ನನಗೆ ಹೇಳುವಾಗ ಅವರು ನಿಜವಾಗಿಯೂ ಅತ್ತರು. ಬಂದವರು ಮೀನು ತಿನ್ನುವುದಿಲ್ಲ ಎಂಬ ದುಃಖವನ್ನೂ ಅದರಲ್ಲೇ ಸೇರಿಸಿದರು. ಒಂದೇ ನೌಕಾನೆಲೆಗಾಗಿ ಎರಡು ಸಲ ಮನೆ ಬಿಟ್ಟವನು ನನ್ನ ಗಂಡ. ಮೊದಲ ಸಲ ಪರಿಹಾರವಾದರೂ ಸಿಕ್ಕಿತ್ತು, ಈ ಸಲ ಒಂದು ಡಬ್ಬಿ ಉಪ್ಪಿನಕಾಯಿ.

ಈಗ ನಾವು ಕಾರವಾರದ ಪಕ್ಕದ ಕದ್ವಾಡದಲ್ಲಿದ್ದೇವೆ, ಹೊಳೆಯಿಂದ ಎರಡು ಗದ್ದೆ ಈಚೆ. ಮನೆ ನೋಡಲು ಹೋದಾಗ ಗಂಡ ಹಳೆಯ ಚಟಕ್ಕೆ ಇದು ಸೇಫಾ ಎಂದು ಕೇಳಿದ. ಯಜಮಾನರು ಯೋಚಿಸಿ ಉತ್ತರ ಕೊಟ್ಟರು.

“ಹೊಳೆ ಒಳಗೆ ಬರೂದಿಲ್ಲ. ಬರೂದಾದ್ರೂ ಡ್ಯಾಮಿನವ್ರು ಮೊದ್ಲೇ ಹೇಳ್ತಾರೆ.”

ಎರಡನೇ ಮಳೆಗಾಲದಲ್ಲಿ ಮೊದಲೇ ಹೇಳಿದರು. ನೀರು ಎರಡನೇ ಮೆಟ್ಟಿಲಿಗೆ ಬಂದು, ಅರ್ಧ ದಿನ ಅಲ್ಲೇ ನಿಂತು, ಒಳಗೆ ಇಣುಕಿ ಹಿಂದಕ್ಕೆ ಹೋಯಿತು. ನಾವು ಎತ್ತರದ ಮನೆಯ ನೆರೆಯವರಲ್ಲಿ ಗಂಜಿ ಉಂಡು ಮಲಗಿದೆವು. ಅವರು ನಮ್ಮ ಸಂಬಳವನ್ನೂ ಕೇಳಿ ತಿಳಿದುಕೊಂಡರು.

ಈ ಮನೆಯ ಬಾಡಿಗೆ ಏರಿಲ್ಲ, ಏರುವುದೂ ಇಲ್ಲ. ಹೊಳೆ ಬಂದು ನೋಡಿ ಹೋಗುವ ಮನೆಯನ್ನು ಬೇರೆ ಯಾರೂ ಕೇಳುವುದಿಲ್ಲ. ಫ್ರಿಜ್ಜನ್ನು ಆರು ಚಿರೆಕಲ್ಲಿನ ಮೇಲೆ ಏರಿಸಿಟ್ಟಿದ್ದೇವೆ. ಅದರೊಳಗೆ ಹಾಲಿಡುವ ಮೇಲಿನ ಖಾನೆ ಈಗ ಯಾರಿಗೂ ಎಟುಕುವುದಿಲ್ಲ. ಹಾಲು ಬೇಕಾದಾಗಲೆಲ್ಲ ಗಂಡ ಸ್ಟೂಲು ಹಾಕಿ ಹತ್ತುತ್ತಾನೆ, ನಾನು ಸ್ಟೂಲು ಹಿಡಿದುಕೊಳ್ಳುತ್ತೇನೆ.