ಅವ್ವನ ಹಿಡಿ ಅಕ್ಕಿ

ಮಾರ್ಚ್ 10, ಸೋಮವಾರ, ಬೆಳಿಗ್ಗೆ 6.40. ಅವ್ವ ಅನ್ನಕ್ಕೆ ಅಕ್ಕಿ ಅಳೆದು, ಎಂದಿನಂತೆ ಒಂದು ಹಿಡಿಯನ್ನು ಚರ್ಚಿನ ಡಬ್ಬಿಗೆ ಹಾಕಲು ಕೈ ಎತ್ತಿದಳು. ಅಕ್ಕಿ ನೆಲಕ್ಕೆ ಚೆಲ್ಲಿತು. ಬಾಯಿ ಒಂದು ಕಡೆಗೆ ವಾಲಿತ್ತು.

ಸ್ಟ್ರೋಕ್.

ಗಂಗಾವತಿಯಿಂದ ಕೊಪ್ಪಳಕ್ಕೆ ಆಂಬುಲೆನ್ಸ್. ಸಿಟಿ ಸ್ಕ್ಯಾನ್, ಇಂಜೆಕ್ಷನ್. ಒಂಬತ್ತನೆಯ ದಿನ ಡಿಸ್ಚಾರ್ಜ್. ಮಾತು ಬೇಗ ಮರಳಿತು. ಬಲಗೈ ಮರಳಲಿಲ್ಲ.

ನಮ್ಮ ಸಭೆಯವರು ಅಡುಗೆಗೆ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಡುತ್ತಾರೆ. ಭಾನುವಾರ ಅದನ್ನು ಚರ್ಚಿನ ಪಾತ್ರೆಗೆ ಹಾಕುತ್ತಾರೆ. ಅದು ಇಲ್ಲದವರ ಮನೆ ಸೇರುತ್ತದೆ. ತನ್ನ ಹಿಡಿಯನ್ನು ತನ್ನ ಕೈಯಾರೆ ಹಾಕಬೇಕು ಎನ್ನುವುದೊಂದೇ ಅವ್ವನ ಆಸೆ.

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ, ಮುಗಿಯುವವರೆಗೆ ಊಟ, ಔಷಧ ಬಿಟ್ಟು ಬೇರೇನನ್ನೂ ಕೊಳ್ಳಬಾರದೆಂದು ಅವ್ವ, ನಾನು ಇಬ್ಬರೂ ಪ್ರಾರ್ಥಿಸಿ ನಿಶ್ಚಯಿಸಿದ್ದೆವು. ಆದರೂ ನಾನು ಮೊಬೈಲಿನಲ್ಲಿ ಹಿಸುಕುವ ಚೆಂಡು, ಸ್ಪ್ರಿಂಗಿನ ಹಿಡಿಕೆ, ಮಸಾಜರ್ ತರಿಸಿದೆ. ಖರ್ಚಿನ ಡೈರಿಯಲ್ಲಿ ಅವನ್ನು ಔಷಧದ ಲೆಕ್ಕದ ಕೆಳಗೆ ಬರೆದೆ.

"ಇದೂ ಗುಳಿಗಿ ಏನವಾ?" ಎಂದು ಅವ್ವ ಚೆಂಡನ್ನು ನೋಡಿ ಕೇಳಿದಳು.

ಆದರೂ ಮೂರು ವಾರ ಹಿಸುಕಿದಳು. ಹಿಡಿತ ಬಂತು. ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರ, ಚರ್ಚಿಗೆ ಹೋದೆವು. ಅವ್ವ ಡಬ್ಬಿಯಿಂದ ಬಲಗೈಯಲ್ಲೇ ಅಕ್ಕಿ ಹಿಡಿದು ಪಾತ್ರೆಯೊಳಗೆ ಕೈ ಇಳಿಸಿದಳು.

ಮುಷ್ಟಿ ಬಿಚ್ಚಲಿಲ್ಲ.

ಹಿಂದೆ ಸಾಲು ನಿಂತಿತ್ತು. "ಏನವಾ ಶಾಂತಮ್ಮ, ಹಾಕಾಕ ಬಂದೀಯೋ, ತಗೊಳ್ಳಾಕ ಬಂದೀಯೋ?" ಎಂದಳು ಅವ್ವನ ಗೆಳತಿ ಸುನಂದಕ್ಕ. ಅವ್ವನೇ ಮೊದಲು ನಕ್ಕಳು. ನಾನು ಒಂದೊಂದೇ ಬೆರಳು ಬಿಡಿಸಿದೆ. ಮನೆಗೆ ಬಂದ ಮೇಲೆ ಅವ್ವ ಊಟ ಮಾಡಲಿಲ್ಲ.

ಮರುದಿನ ಫಿಜಿಯೋಥೆರಪಿಸ್ಟ್ ಚೆಂಡನ್ನು ಪಕ್ಕಕ್ಕಿಟ್ಟರು.

"ಹಿಡಿಯೋದು ಮೊದಲ ಬರ್ತೈತ್ರಿ. ಬಿಡೋದು ತಡಾ ಆಗ್ತೈತಿ. ಇದನ್ನ ಹಿಸುಕಿದ್ರ ನಿಮ್ಮ ಮುಷ್ಟಿ ಇನ್ನೂ ಬಿಗೀತೈತಿ. ಮಣಿಕಟ್ಟು ಕೆಳಗ ಬಗ್ಗಸ್ರಿ, ಬೆರಳು ಸಡ್ಲಾಗ್ತಾವ."

ಅವ್ವ ನನ್ನ ಕಡೆ ತಿರುಗಿದಳು. "ಮೊಬೈಲ್ ಹಿಡದ ಕೈಗೂ ಇಂಥಾದ್ದೊಂದು ಉಪಾಯ ಕೇಳವಾ."

ಕಾಲಿಗೆಂದು ತರಿಸಿದ ಇನ್ನೊಂದು ಯಂತ್ರ ದಾರಿಯಲ್ಲಿತ್ತು. ಆರ್ಡರ್ ರದ್ದು ಮಾಡಿದೆ. ಡೈರಿಯಲ್ಲಿ ಔಷಧದ ಕೆಳಗಿದ್ದ ಮೂರು ಸಾಲುಗಳನ್ನು ಹೊಡೆದುಹಾಕಿದೆ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು, ಅವ್ವನಿಗಾಗಿ ಏನು ಮಾಡಬೇಕೆಂದು ತೋಚದಾಗಲೆಲ್ಲ ಏನಾದರೂ ಕೊಳ್ಳುವುದು ನನಗೆ ಪ್ರಾರ್ಥನೆಗಿಂತ ಸುಲಭವಾಗಿತ್ತು.

ಈಸ್ಟರ್ ಭಾನುವಾರ ಅವ್ವ ಪಾತ್ರೆಯ ಮೇಲೆ ಮಣಿಕಟ್ಟು ಬಗ್ಗಿಸಿದಳು. ಈ ಸಲ ಸುನಂದಕ್ಕ ಡಬ್ಬಿ ಹಿಡಿದುಕೊಂಡಿದ್ದಳು. ಕಿರುಬೆರಳ ಸಂದಿಯಿಂದ ಅಕ್ಕಿ ಸಣ್ಣಗೆ ಇಳಿಯತೊಡಗಿತು, ಆಮೇಲೆ ಉಳಿದದ್ದೂ ಸುರಿಯಿತು. ಒಂದಷ್ಟು ಕಾಳು ಅಂಗೈಗೆ ಅಂಟಿದ್ದವು. ಒರೆಸಲು ಹೋದೆ.

"ನಾನ ಜಾಡಸ್ತೀನಿ, ಬಿಡು," ಎಂದಳು.

ದೇವರಿಗೆ ಸ್ತೋತ್ರ. ಹೆಬ್ಬೆರಳು ಇನ್ನೂ ಒಳಕ್ಕೇ ಮಡಚಿಕೊಂಡಿದೆ. ಇದನ್ನು ಓದುವವರಲ್ಲಿ ಇಂಥ ಬೆರಳನ್ನು ಬಿಡಿಸಿಕೊಂಡವರು, ಬಿಡಿಸಿದವರು ಇದ್ದರೆ ದಯವಿಟ್ಟು ಬರೆಯಿರಿ. ಏನು ಕೊಳ್ಳಬೇಕೆಂದು ಬೇಡ, ಏನು ಮಾಡಬೇಕೆಂದು ತಿಳಿಸಿ.