ಹಾವರ್ತ್ ಮೇಷ್ಟ್ರ ಬಾಯಿ

ಇಂಗ್ಲೆಂಡಿನ ನಮ್ಮೂರು ಬರ್ನ್ಲಿಯ ಸಂಜೆ ತರಗತಿಯಲ್ಲಿ ಬಟ್ಟೆ ಗಿರಣಿಗಳ ಕಾಲದ ಚರಿತ್ರೆ ಹೇಳುವ ಹಾವರ್ತ್ ಮೇಷ್ಟ್ರು, ಹಲ್ಲಿನ ಡಾಕ್ಟರ ಮುಂದೆ ಕುಳಿತವರಂತೆ ಬಾಯಿ ಅಗಲಿಸಿ ಒಂದೊಂದೇ ಮಾತು ಆಡುತ್ತಾರೆ. ಮತದ ಹಕ್ಕಿನ ಹೋರಾಟ ಬಂದರೆ ಮೇಜು ಗುದ್ದಿ ತಮ್ಮ ಚಹಾ ತಾವೇ ಚೆಲ್ಲಿಕೊಳ್ಳುತ್ತಾರೆ. ಸತ್ತು ನೂರು ವರ್ಷವಾದ ಗಿರಣಿ ಮಾಲೀಕರನ್ನು ಎದುರುಮನೆಯವರೆಂಬಂತೆ ಬೈಯುತ್ತಾರೆ. “ಮೇಷ್ಟ್ರೇ, ನಾವೇನ್ ಕಿವುಡ್ರಾ?” ಎಂದು ಮಾಂಸದಂಗಡಿಯ ಡೋರೀನ್ ರೇಗಿಸಿದರೆ, “ನೀನಲ್ಲಮ್ಮ, ಹಿಂದಿನ ಬೆಂಚಿದೆಯಲ್ಲ” ಎನ್ನುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂರುವುದು ಅವರ ತಾಯಿ ಎಡ್ನಾ. ಮಗ್ಗಗಳ ಗದ್ದಲದಲ್ಲಿ ಕಿವಿ ಕೆಟ್ಟು, ಇಲ್ಲಿಯ ಗಿರಣಿ ಹೆಂಗಸರೆಲ್ಲರಂತೆ ತುಟಿ ನೋಡಿಯೇ ಮಾತು ಹಿಡಿಯುವಾಕೆ. ಆಕೆಗೆಂದೂ ಬೆನ್ನು ಹಾಕದ ಮೇಷ್ಟ್ರು, ಗಿರಣಿಯಲ್ಲಿ ಹೆಂಗಸರ ಕಿವಿ, ಶ್ವಾಸಕೋಶ ಹಾಳಾದ ಪಾಠ ಬಂದಾಗ ಮಾತ್ರ ಬೋರ್ಡಿನತ್ತ ತಿರುಗಿ ಹೇಳುತ್ತಾರೆ. ಮೊನ್ನೆಯೂ ತಿರುಗಿದರು. ಆಗ ಎಡ್ನಾ ಪಕ್ಕದಲ್ಲಿದ್ದ ನನಗೆ ಪಿಸುಗುಟ್ಟುತ್ತಿದ್ದೇನೆಂದುಕೊಂಡು ಹೇಳಿದ್ದು ಇಡೀ ಕೋಣೆಗೆ ಕೇಳಿಸಿತು: “ನೋಡು, ಬೋರ್ಡ್ ಕಡೆ ತಿರುಗ್ದ. ನನ್ನ ವಿಷ್ಯ ಬಂತು ಅಂತ ಕಾಣತ್ತೆ.” ಮೇಷ್ಟ್ರು ಬಹಳ ಹೊತ್ತು ಇತ್ತ ತಿರುಗಲಿಲ್ಲ.